ಸಕ್ಕರೆ ಇಳಿದರೂ ಕಂಟಕ, ಏರಿದರೂ ಕಂಟಕ. ಆಸ್ಪತ್ರೆಗೆ ಗಂಟೆಯ ದಾರಿ

ನಸುಕಿನ 4 ಗಂಟೆ. ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ ಮೊಬೈಲ್ ರಿಂಗಣಿಸುತ್ತದೆ. ಆ ತುದಿಯಲ್ಲಿ ರೋಣ ತಾಲ್ಲೂಕಿನ ಹಳ್ಳಿಯಲ್ಲಿರುವ ತಾಯಿ. ‘ತಮ್ಮಾ, ನಿಮ್ಮಪ್ಪಾರು ಮಾತಾಡವಲ್ರು. ಮೈಯೆಲ್ಲ ಬೆವತು ಅಂಗಿ ತೊಯ್ದೈತಿ.’ ಮಗ ಕೇಳುವ ಮೊದಲ ಪ್ರಶ್ನೆ: ‘ಶುಗರ್ ಎಷ್ಟೈತಿ ನೋಡೀಯೇನು ಯವ್ವಾ?’ ಉತ್ತರ: ‘ಆ ಮಶೀನಿನ ಸೆಲ್ ಹೋಗಿ ತಿಂಗಳಾತು.’

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ದಂಪತಿ ಮಾತ್ರ. ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆ, ಗೋವಾ ಸೇರಿದ್ದಾರೆ. ಮಾತ್ರೆಯ ಖರ್ಚು ಮಕ್ಕಳದು. ಅದನ್ನು ಯಾವಾಗ, ಎಷ್ಟು ನುಂಗಬೇಕೆಂಬ ಲೆಕ್ಕ ಮಾತ್ರ ಊರಿನಲ್ಲಿ ಒಂಟಿಯಾಗಿ ಉಳಿದವರದು. ಲೆಕ್ಕ ತಪ್ಪಿದ ರಾತ್ರಿ ಇಂಥ ಕರೆ ಬರುತ್ತದೆ. ಆ ಕರೆಯ ನಂತರದ ಮೊದಲ ಹದಿನೈದು ನಿಮಿಷಗಳಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಬಹುಪಾಲು ಫಲಿತಾಂಶ ನಿರ್ಧಾರವಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅಂದರೆ ವಯಸ್ಕರಲ್ಲಿ ಶೇ 11.4ರಷ್ಟು ಮಂದಿ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಜೋಳದ ರೊಟ್ಟಿ ಉಂಡವರಿಗೆ ‘ಸಕ್ಕರಿ ಬ್ಯಾನಿ’ ಬರುವುದಿಲ್ಲ ಎಂಬ ನಂಬಿಕೆ ಈ ಎರೆಭೂಮಿಯ ಊರುಗಳಲ್ಲಿ ಇನ್ನೂ ಇದೆ. ಜೋಳವೂ ಧಾನ್ಯವೇ, ಅದರ ಹೆಚ್ಚಿನ ಭಾಗ ಪಿಷ್ಟವೇ. ನಾಲ್ಕು ರೊಟ್ಟಿ ಉಂಡು ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ ಕಾಲ ಬೇರೆ, ಅದೇ ನಾಲ್ಕು ರೊಟ್ಟಿ ಉಂಡು ಕಟ್ಟೆಯ ಮೇಲೆ ಕುಳಿತುಕೊಳ್ಳುವ ಈ ಕಾಲ ಬೇರೆ.

ಮಧುಮೇಹ ವರ್ಷಗಟ್ಟಲೆ ನಿಧಾನವಾಗಿ ದೇಹವನ್ನು ಸವೆಸುತ್ತದೆ ಎಂಬುದು ನಿಜ. ಆದರೆ ಅದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗುವ ಸಂದರ್ಭಗಳೂ ಇವೆ. ಅವುಗಳಲ್ಲಿ ಮುಖ್ಯವಾದವು ಎರಡು: ರಕ್ತದಲ್ಲಿನ ಸಕ್ಕರೆ ಅಂಶ ತೀರಾ ಕುಸಿಯುವುದು ಹಾಗೂ ಮಿತಿಮೀರಿ ಏರುವುದು. ಒಂದಕ್ಕೊಂದು ಪೂರ್ತಿ ವಿರುದ್ಧವಾದ ಸ್ಥಿತಿಗಳಿವು. ವಿಚಿತ್ರವೆಂದರೆ ನೋಡುವವರ ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ: ಮಂಪರು, ತಡವರಿಸುವ ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು.

ಇಳಿದಾಗ

ರಕ್ತದಲ್ಲಿ ಸಕ್ಕರೆ ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರ ವಹಿಸಬೇಕು. 54ಕ್ಕಿಂತ ಇಳಿದರೆ ಅಪಾಯ. ಮೆದುಳಿಗೆ ಇಂಧನವಾಗಿ ಮುಖ್ಯವಾಗಿ ಬೇಕಾದುದು ಗ್ಲೂಕೋಸ್. ಅದನ್ನು ಕೂಡಿಟ್ಟುಕೊಳ್ಳುವ ಶಕ್ತಿ ಮೆದುಳಿಗೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಪೂರೈಕೆ ಕಡಿತವಾದ ಕೂಡಲೇ ದೇಹ ಗಂಟೆ ಬಾರಿಸುತ್ತದೆ: ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು. ಇದಕ್ಕೆ ಕಿವಿಗೊಡದಿದ್ದರೆ ಸಿಡುಕು, ಗೊಂದಲ, ಅಸಂಬದ್ಧ ಮಾತು ಆರಂಭವಾಗುತ್ತವೆ. ಈ ಹಂತದಲ್ಲಿ ರೋಗಿಯನ್ನು ಕುಡಿದವರೆಂದು ಭಾವಿಸಿ ಬೈದು ಮಲಗಿಸುವುದುಂಟು. ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿತೆಗೆಯುವುದೂ ಉಂಟು. ಲಕ್ವ ಹೊಡೆದಿದೆ ಎಂದು ಗಾಬರಿಯಾಗುವವರೂ ಇದ್ದಾರೆ; ಅವರನ್ನು ದೂರುವಂತಿಲ್ಲ, ಸಕ್ಕರೆ ಕುಸಿದಾಗ ಒಂದು ಪಾರ್ಶ್ವ ತಾತ್ಕಾಲಿಕವಾಗಿ ಸ್ವಾಧೀನ ತಪ್ಪುವ ಪ್ರಸಂಗಗಳು ನಿಜಕ್ಕೂ ಇವೆ.

ರೋಗಿಗೆ ಎಚ್ಚರವಿದ್ದು, ನುಂಗಲು ಸಾಧ್ಯವಿದ್ದರೆ ಮಾಡಬೇಕಾದುದು ಸರಳ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಇದು ಸುಮಾರು 15 ಗ್ರಾಂ. ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಚೇತರಿಸಿಕೊಂಡ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಉಣ್ಣಿಸಬೇಕು. ಸಕ್ಕರೆ ನೀರಿನ ಪ್ರಭಾವ ಬೇಗ ಇಳಿದುಹೋಗುತ್ತದೆ, ಊಟದ್ದು ನಿಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮಧುಮೇಹಿಗಳಿಗೆ ಇತ್ತೀಚೆಗೆ ಬರೆದುಕೊಡುವ ಮಾತ್ರೆಗಳಲ್ಲಿ ಎರಡು-ಮೂರು ಔಷಧಗಳು ಒಂದರಲ್ಲೇ ಕೂಡಿರುತ್ತವೆ. ಅವುಗಳಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಸಕ್ಕರೆ, ಬೆಲ್ಲ ಎರಡೂ ಬೇಗ ಕೆಲಸ ಮಾಡುವುದಿಲ್ಲ. ಕರುಳಿನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಈ ಔಷಧಗಳು ತಡೆಯುತ್ತವೆ. ಅಂಥವರಿಗೆ ಒಡೆಯುವ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ಔಷಧದ ಅಂಗಡಿಯಲ್ಲೂ ಕಿರಾಣಿ ಅಂಗಡಿಯಲ್ಲೂ ಸಿಗುವ ಒಂದು ಡಬ್ಬಿ ಗ್ಲೂಕೋಸ್ ಪುಡಿ ಮಧುಮೇಹಿಯಿರುವ ಪ್ರತಿ ಮನೆಯ ಮಾಡಿನಲ್ಲಿ ಇರಬೇಕಾದುದು ಇದಕ್ಕಾಗಿ. ಬೆಲ್ಲ ಕೊಟ್ಟರೂ ಎಚ್ಚರವಾಗಲಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ ಕಾರಣ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆ ನೀರಾಗಲಿ, ತೀರ್ಥವಾಗಲಿ, ಅದು ಶ್ವಾಸಕೋಶಕ್ಕೆ ಇಳಿದರೆ ಒಂದು ಆಪತ್ತು ಎರಡಾಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್ ದ್ರಾವಣ ಕೊಟ್ಟರೆ ಅನೇಕರು ಕೆಲವೇ ನಿಮಿಷಗಳಲ್ಲಿ ಕಣ್ಣು ತೆರೆಯುತ್ತಾರೆ. ಇದಕ್ಕೆ ಗದಗದವರೆಗೆ ಓಡಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ನಡೆಯುವ ಚಿಕಿತ್ಸೆ ಇದು.

ಆದರೆ ಕಣ್ಣು ತೆರೆದ ಕೂಡಲೇ ‘ಆರಾಮಾತು’ ಎಂದು ಮನೆಗೆ ಕರೆತರುವುದರಲ್ಲಿ ದೊಡ್ಡ ಅಪಾಯವಿದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಗುಂಪಿನ ಮಾತ್ರೆಗಳ ಪ್ರಭಾವ ಒಂದು ದಿನಕ್ಕೂ ಮೀರಿ ಉಳಿಯಬಹುದು. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಂತೂ ಔಷಧ ದೇಹದಿಂದ ಹೊರಹೋಗುವುದೇ ನಿಧಾನ. ಡ್ರಿಪ್ಪಿನ ಸಕ್ಕರೆ ಕರಗಿದ ಮೇಲೆ, ಮನೆಯವರೆಲ್ಲ ನಿದ್ರೆಗೆ ಜಾರಿದ ಹೊತ್ತಿನಲ್ಲಿ, ರೋಗಿ ಮತ್ತೆ ಕುಸಿಯುತ್ತಾನೆ. ಈ ಗುಂಪಿನ ಮಾತ್ರೆ ಸೇವಿಸುವವರನ್ನು ಕನಿಷ್ಠ ಒಂದು ಹಗಲು-ರಾತ್ರಿ ಆಸ್ಪತ್ರೆಯಲ್ಲಿ ಇಟ್ಟು ನೋಡಬೇಕು ಎನ್ನುವುದು ಇದೇ ಕಾರಣಕ್ಕೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ನೇರವಾಗಿ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವ ಹಿರಿಯರು ಈ ಭಾಗದಲ್ಲಿ ಕಡಿಮೆಯಿಲ್ಲ. ಆ ನೋವಿನ ಮಾತ್ರೆ ಮೂತ್ರಪಿಂಡವನ್ನು ಸೊರಗಿಸುತ್ತದೆ. ಸೊರಗಿದ ಮೂತ್ರಪಿಂಡ ಸಕ್ಕರೆ ಮಾತ್ರೆಯನ್ನು ಒಳಗೇ ಉಳಿಸಿಕೊಳ್ಳುತ್ತದೆ. ಹತ್ತು ವರ್ಷದಿಂದ ಒಗ್ಗಿದ್ದ ಅದೇ ಮಾತ್ರೆ ಹೀಗೆ ಒಂದು ದಿನ ಹೆಚ್ಚಾಗಿಬಿಡುತ್ತದೆ.

ಊಟ ತಪ್ಪಿದ ದಿನವೂ ಮಾತ್ರೆ ತಪ್ಪಿಸದವರು ಇನ್ನೊಂದು ವರ್ಗ. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ರೋಜಾ, ಎಲ್ಲ ಉಪವಾಸಗಳಿಗೂ ಇದು ಅನ್ವಯಿಸುತ್ತದೆ. ಉಪವಾಸ ಮಾಡಲೇಬೇಕೆಂದಿರುವವರು ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣ ಹಾಗೂ ಸಮಯ ಬದಲಿಸಿಕೊಳ್ಳಬೇಕು. ಕಡಲೆ ಕೀಳುವ, ಜೋಳ ಕೊಯ್ಯುವ ಸುಗ್ಗಿಯ ದಿನಗಳಲ್ಲಿ ಮುಂಜಾನೆ ಇನ್ಸುಲಿನ್ ಚುಚ್ಚಿಕೊಂಡು ಹೊಲಕ್ಕೆ ಹೋದವರಿಗೆ ಬುತ್ತಿ ತಡವಾಗಿ ಬಂದರೂ ಪರಿಣಾಮ ಅದೇ.

ಮಕ್ಕಳು ಕಳುಹಿಸುವ ಔಷಧ

ನಗರವಾಸಿ ಮಕ್ಕಳು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮಲ್ಲಿ ಶೀಶೆಯಲ್ಲಿ ಬರುವ ಸಾಮಾನ್ಯ ಇನ್ಸುಲಿನ್‌ನ ಸಾಂದ್ರತೆ ಬಹುತೇಕ ಒಂದು ಮಿಲಿಲೀಟರ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನುಗಳಲ್ಲಿ ಹಾಗೂ ದುಬಾರಿ ಬೆಲೆಯ ಕೆಲವು ಶೀಶೆಗಳಲ್ಲಿ ಬರುವುದು 100 ಯೂನಿಟ್‌ನದು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಮಗ ಬೆಂಗಳೂರಿನಿಂದ ‘ಚಲೋ ಇನ್ಸುಲಿನ್’ ಎಂದು 100ರ ಶೀಶೆ ಕಳುಹಿಸುತ್ತಾನೆ. ತಂದೆ ಮನೆಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲೇ ಎಂದಿನಂತೆ 10ರ ಗೆರೆಯವರೆಗೆ ಎಳೆದುಕೊಳ್ಳುತ್ತಾರೆ. ದೇಹಕ್ಕೆ ಸೇರುವುದು 10 ಯೂನಿಟ್ ಅಲ್ಲ, 25. ಪ್ರೀತಿಯಿಂದ ಕಳುಹಿಸಿದ ಔಷಧವೇ ಎರಡೂವರೆ ಪಟ್ಟು ಹೆಚ್ಚಾಗಿ ಒಳಹೋಗುತ್ತದೆ.

ಸಾಗಣೆಯೂ ಒಂದು ಸಮಸ್ಯೆ. ಹುಬ್ಬಳ್ಳಿಯಲ್ಲಿ ಕೊಂಡು ಬಸ್ಸಿನಲ್ಲಿ ಕೊಟ್ಟು ಕಳುಹಿಸುವುದು ಈ ಭಾಗದ ರೂಢಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎಂಜಿನ್ನಿನ ಪಕ್ಕ ಕುಳಿತು ಬಂದ ಇನ್ಸುಲಿನ್ ನೋಡಲು ಹಾಗೆಯೇ ಇದ್ದರೂ ಸತ್ವ ಕಳೆದುಕೊಂಡಿರಬಹುದು. ತೆರೆಯದ ಶೀಶೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಳಕೆಯಲ್ಲಿರುವ ಶೀಶೆಯನ್ನು ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಚಿಕ್ಕ ಗಡಿಗೆಯಿಟ್ಟು, ಅದರಲ್ಲಿ ಶೀಶೆಯನ್ನು ನೀರು ತಾಗದಂತೆ ಇಡುವುದು ಒಳ್ಳೆಯ ಉಪಾಯ. ಫ್ರಿಜ್ ಇದ್ದವರು ಮಂಜುಗಡ್ಡೆಯ ಅರೆಯಲ್ಲಿ ಮಾತ್ರ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಏರಿದಾಗ

ಸಕ್ಕರೆ ಇಳಿಯುವುದು ನಿಮಿಷಗಳ ಆಟವಾದರೆ ಏರುವುದು ಗಂಟೆಗಳ, ಕೆಲವೊಮ್ಮೆ ದಿನಗಳ ಆಟ. ಇದರಲ್ಲಿ ಎರಡು ಬಗೆ.

ಮೊದಲನೆಯದು ಕೀಟೋ ಆಮ್ಲತೆ. ಇನ್ಸುಲಿನ್ ಕೊರತೆಯಾದಾಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ದೇಹ ಕೊಬ್ಬನ್ನು ಸುಡತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಉತ್ಪತ್ತಿಯಾಗಿ ರಕ್ತವೇ ಆಮ್ಲೀಯವಾಗುತ್ತದೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಹೊಟ್ಟೆನೋವು, ಆಳವಾದ ರಭಸದ ಉಸಿರು, ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಇದರ ಗುರುತುಗಳು. ಟೊರೊಂಟೊದಲ್ಲಿ ಬ್ಯಾಂಟಿಂಗ್ ಹಾಗೂ ಬೆಸ್ಟ್ 1921ರಲ್ಲಿ ಇನ್ಸುಲಿನ್ ಬೇರ್ಪಡಿಸುವವರೆಗೆ ಈ ಸ್ಥಿತಿ ತಲುಪಿದವರು ಉಳಿಯುತ್ತಲೇ ಇರಲಿಲ್ಲ. ಈಗ ಸುಸಜ್ಜಿತ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ಇದರಿಂದ ಸಾಯುವವರು ಶೇ 1ಕ್ಕಿಂತ ಕಡಿಮೆ. ಎಂದರೆ ಇದು ಬಹುತೇಕ ತಪ್ಪಿಸಬಹುದಾದ ಸಾವು.

ಹೊಟ್ಟೆನೋವು, ವಾಂತಿ ಎಂದು ಬಂದ ಮಗುವಿಗೆ ಮಧುಮೇಹವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮಕ್ಕಳಲ್ಲಿ ಕಾಣಿಸಿಕೊಳ್ಳುವ ಮೊದಲನೆಯ ವಿಧದ ಮಧುಮೇಹ ಎಷ್ಟೋ ಸಲ ಮೊದಲ ಬಾರಿಗೆ ಪತ್ತೆಯಾಗುವುದೇ ಈ ತುರ್ತು ಸ್ಥಿತಿಯಲ್ಲಿ. ಕೆಲವು ವಾರಗಳಿಂದ ಮಗು ಸೊರಗಿದೆ, ರಾತ್ರಿ ನಾಲ್ಕು ಸಲ ಏಳುತ್ತಿದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದೆ ಎಂದರೆ ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ಮಾಡಿಸಲು ತಡಮಾಡಬಾರದು.

ದೊಡ್ಡವರಲ್ಲಿ ಈ ಸ್ಥಿತಿಗೆ ಒಂದು ತಪ್ಪು ತಿಳಿವಳಿಕೆ ದಾರಿ ಮಾಡಿಕೊಡುತ್ತದೆ. ಜ್ವರ, ವಾಂತಿ ಬಂದಾಗ ‘ಊಟಾನ ಮಾಡಿಲ್ಲ, ಇಂಜೆಕ್ಷನ್ ಯಾಕ’ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಸೋಂಕು ತಗುಲಿದ ದೇಹದಲ್ಲಿ ಏನೂ ಉಣ್ಣದಿದ್ದರೂ ಸಕ್ಕರೆ ಏರುತ್ತದೆ; ಯಕೃತ್ತು ಅದನ್ನು ತಾನೇ ತಯಾರಿಸಿ ಸುರಿಯುತ್ತದೆ. ಪ್ರಮಾಣ ಹೊಂದಿಸಿಕೊಳ್ಳಬೇಕೇ ಹೊರತು ತಾನಾಗಿ ನಿಲ್ಲಿಸುವಂತಿಲ್ಲ. ನಾಲ್ಕಾರು ಗಂಟೆಗೊಮ್ಮೆ ಪರೀಕ್ಷೆ, ಸಾಕಷ್ಟು ನೀರು, ವೈದ್ಯರಿಗೊಂದು ಕರೆ, ಜ್ವರದ ದಿನಗಳ ಕ್ರಮ ಇಷ್ಟೇ. ಯಾವುದೋ ಊರಿನ ನಾಟಿ ಔಷಧಿಯನ್ನು ನಂಬಿ ಇನ್ಸುಲಿನ್ ಬಿಟ್ಟವರ ಪಾಡೂ ಇದೇ ಹಾದಿ ಹಿಡಿಯುತ್ತದೆ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಸೇವಿಸುವವರಿಗೆ ಬೇರೊಂದು ಎಚ್ಚರಿಕೆ ಬೇಕು. ಮೊದಲನೆಯದರ ಪೇಟೆಂಟ್ ಭಾರತದಲ್ಲಿ 2020ರಲ್ಲೂ ಎರಡನೆಯದರದು 2025ರಲ್ಲೂ ಮುಗಿದ ಬಳಿಕ ಬೆಲೆ ಇಳಿದು, ಸಣ್ಣ ಪಟ್ಟಣಗಳ ಅಂಗಡಿಗಳಿಗೂ ಇವು ಬಂದಿವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಹಿತವಾದ ಔಷಧಗಳೇ ಇವು. ಆದರೆ ವಾಂತಿ, ಉಪವಾಸ, ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಅಪರೂಪಕ್ಕೆ ಸಕ್ಕರೆ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗಬಹುದು. ಮಶೀನು 180 ತೋರಿಸುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ, ರೋಗಿ ಮಾತ್ರ ಏದುಸಿರು ಬಿಡುತ್ತಿರುತ್ತಾನೆ. ಅಂಥ ದಿನಗಳಲ್ಲಿ ಈ ಮಾತ್ರೆ ನಿಲ್ಲಿಸುವ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಎರಡನೆಯ ಬಗೆ ಹೆಚ್ಚಾಗಿ ವೃದ್ಧರದು. ಸಕ್ಕರೆ 600 ದಾಟುತ್ತದೆ. ಮೂತ್ರದ ಮೂಲಕ ನೀರು ಹರಿದುಹೋಗಿ ದೇಹ ಒಣಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೂ ಕಡಿಮೆ. ಬೇಸಿಗೆಯಲ್ಲಿ ಎರಡು ದಿನ ಜ್ವರ ಹಿಡಿದು ಮಲಗಿದ ಅಜ್ಜಿ ಮೂರನೆಯ ದಿನ ‘ಮಂಕಾಗಿ ಕುಂತಾಳ’ ಎಂದು ಮನೆಯವರು ಹೇಳುವಾಗ ದೇಹದಲ್ಲಿ ಒಂಬತ್ತು ಲೀಟರ್‌ನಷ್ಟು ನೀರಿನ ಕೊರತೆಯಾಗಿರಬಹುದು. ಕೀಟೋ ಆಮ್ಲತೆಗಿಂತ ಇದು ಹೆಚ್ಚು ಮಾರಕ.

ಮನೆಯ ಪರೀಕ್ಷಾ ಯಂತ್ರ ಅಳೆಯಲಾರದಷ್ಟು ಸಕ್ಕರೆ ಏರಿದಾಗ ಪರದೆಯ ಮೇಲೆ ಅಂಕಿಯ ಬದಲು ‘ಎಚ್ ಐ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ‘ಹೈ’ ಎಂಬುದರ ಸಂಕ್ಷಿಪ್ತ ರೂಪವದು. ಯಂತ್ರ ‘ಹಾಯ್’ ಎನ್ನುತ್ತಿದೆ ಎಂದುಕೊಂಡು, ಕೆಟ್ಟಿದೆಯೆಂದು ಬದಿಗಿಡುವವರುಂಟು. ಅದು ನಗುವ ವಿಷಯವಲ್ಲ. ಯಂತ್ರದ ಮಾದರಿಗೆ ತಕ್ಕಂತೆ 500 ಅಥವಾ 600 ದಾಟಿದೆ ಎಂದು ಅರ್ಥ. ತಕ್ಷಣ ಆಸ್ಪತ್ರೆಗೆ ಹೊರಡಬೇಕು.

‘ಗದಗಕ್ಕ ಒಯ್ರಿ’ ಏಕೆ?

ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದಾಗ ಸಂಬಂಧಿಕರು ಸಿಟ್ಟಾಗುವುದು ಸಾಮಾನ್ಯ. ‘ಇನ್ಸುಲಿನ್ ಇಲ್ಲೇ ಐತಲ್ಲ, ಇಲ್ಲೇ ಯಾಕ ಕೊಡವಲ್ರು?’ ಎಂಬ ಪ್ರಶ್ನೆ ಸಹಜವೇ. ಉತ್ತರ ಇರುವುದು ಪೊಟ್ಯಾಸಿಯಂ ಎಂಬ ಲವಣದಲ್ಲಿ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶದೊಳಗೆ ದೂಡುವಾಗ ರಕ್ತದಲ್ಲಿನ ಪೊಟ್ಯಾಸಿಯಮ್ಮನ್ನೂ ಒಳಗೆ ದೂಡುತ್ತದೆ. ವಾಂತಿ, ಮೂತ್ರದಲ್ಲಿ ಮೊದಲೇ ಅದು ಸೋರಿಹೋಗಿರುತ್ತದೆ. ಅಳೆಯದೆ ಇನ್ಸುಲಿನ್ ಹರಿಸಿದರೆ ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ಎರಡು-ಮೂರು ಗಂಟೆಗೊಮ್ಮೆ ಪೊಟ್ಯಾಸಿಯಂ, ಗಂಟೆಗೊಮ್ಮೆ ಸಕ್ಕರೆ ಅಳೆಯಬೇಕು. ರಕ್ತದ ಆಮ್ಲೀಯತೆಯನ್ನೂ ನೋಡುತ್ತಿರಬೇಕು. ರಾತ್ರಿಯಿಡೀ ತೆರೆದಿರುವ ಪ್ರಯೋಗಾಲಯ ಹಾಗೂ ತೀವ್ರ ನಿಗಾ ಘಟಕ ಇಲ್ಲದೆ ಇದು ಸಾಧ್ಯವಿಲ್ಲ.

ಹಾಗೆಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರವಾಗಿ ಓಡುವುದೂ ಸರಿಯಲ್ಲ. ಈ ಎರಡೂ ಸ್ಥಿತಿಗಳಲ್ಲಿ ಮೊದಲ ಔಷಧ ಇನ್ಸುಲಿನ್ ಅಲ್ಲ, ಸಲೈನ್. ಅದನ್ನು ರೋಣದಲ್ಲೇ, ನರಗುಂದದಲ್ಲೇ ಆರಂಭಿಸಿಕೊಂಡು ಹೊರಟರೆ ದಾರಿಯ ಒಂದು ಗಂಟೆ ವ್ಯರ್ಥವಾಗುವುದಿಲ್ಲ, ಚಿಕಿತ್ಸೆಯ ಗಂಟೆಯಾಗುತ್ತದೆ.

ದಾರಿಗಳ ಲೆಕ್ಕ ಮೂರೂ ತಾಲ್ಲೂಕುಗಳಲ್ಲಿ ಬೇರೆಬೇರೆ. ರೋಣದಿಂದ ಗದಗ 40 ಕಿ.ಮೀ. ಒಳಗೆ. ಗಜೇಂದ್ರಗಡದಿಂದ ನರೇಗಲ್ ಮಾರ್ಗವಾಗಿ 50 ಕಿ.ಮೀ. ಮೀರುತ್ತದೆ. ಗದಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು (ಜಿಮ್ಸ್) 2015ರಲ್ಲಿ ಆರಂಭವಾದ ಬಳಿಕ ಈ ಎರಡೂ ಊರುಗಳವರಿಗೆ ಹುಬ್ಬಳ್ಳಿಯ ದಾರಿ ಕಾಯುವುದು ತಪ್ಪಿದೆ. ಗಜೇಂದ್ರಗಡದ ಪೂರ್ವ ಭಾಗದ ಹಳ್ಳಿಗಳಿಗೆ ಕೊಪ್ಪಳದ ವೈದ್ಯಕೀಯ ಕಾಲೇಜೂ ಎಟಕುತ್ತದೆ. ನರಗುಂದದವರ ಓಟ ಹೆಚ್ಚಾಗಿ ನವಲಗುಂದದ ಮೇಲೆ ಹುಬ್ಬಳ್ಳಿಗೆ, ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಆಗಿಯೇ ಉಳಿದಿರುವ ಆಸ್ಪತ್ರೆಗೆ. ಅದೂ 50 ಕಿ.ಮೀ. ಮೀರಿದ ದೂರ.

ದಾರಿ ಇದ್ದರೆ ಈ ಲೆಕ್ಕ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು ಭಾಗದ ಊರುಗಳಿಗೆ ನೀರು ನುಗ್ಗಿತು. ಕೊಣ್ಣೂರಿನ ಬಳಿ ಹೆದ್ದಾರಿಯ ಸಂಚಾರವೇ ನಿಂತಿತು. ಬೆಣ್ಣಿಹಳ್ಳ ತುಂಬಿದಾಗಲೂ ಕೆಲವು ಹಳ್ಳಿಗಳ ಸಂಪರ್ಕ ಕಡಿದುಹೋಗುವುದು ಹೊಸತಲ್ಲ. ಉಟ್ಟ ಬಟ್ಟೆಯಲ್ಲಿ ಗಂಜಿ ಕೇಂದ್ರಕ್ಕೆ ಬಂದವರಿಗೆ ಅನ್ನ, ಹಾಸಿಗೆ ಸಿಗುತ್ತವೆ. ಮನೆಯ ಮಾಡಿನಲ್ಲಿ ಉಳಿದ ಇನ್ಸುಲಿನ್ ಸಿಗುವುದಿಲ್ಲ. ಹೊಳೆದಂಡೆಯ ಊರುಗಳ ಮಧುಮೇಹಿಗಳು ಮಳೆಗಾಲದಲ್ಲಿ ಎರಡು ವಾರದ ಔಷಧ, ಸಿರಿಂಜ್, ವೈದ್ಯರ ಚೀಟಿಯ ನಕಲನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯ ವಿಧದ ಮಧುಮೇಹವಿರುವ ಮಗುವಿಗೆ ಎರಡು ದಿನ ಇನ್ಸುಲಿನ್ ತಪ್ಪಿದರೂ ಪ್ರಾಣಾಪಾಯ.

ನೋಯದ ಗಾಯ

ಇನ್ನು ಕಾಲಿನ ಮಾತು. ಆಂಬುಲೆನ್ಸ್ ಕರೆಯುವಂಥದ್ದೇನೂ ಇದರಲ್ಲಿ ಕಾಣದು. ಹಾಗೆ ಕಾಣದಿರುವುದೇ ತೊಂದರೆ.

ವರ್ಷಗಳ ಮಧುಮೇಹದಿಂದ ಪಾದದ ನರಗಳು ಸತ್ವ ಕಳೆದುಕೊಳ್ಳುತ್ತವೆ. ಮೊದಲು ‘ಜುಮು ಜುಮು’ ಎನ್ನುವ ಕಾಲು ಕ್ರಮೇಣ ಏನನ್ನೂ ಹೇಳದಂತಾಗುತ್ತದೆ. ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯುವುದಿಲ್ಲ. ಈ ಸೀಮೆಯ ಹೊಲಗಳಲ್ಲಿ ಹಿಂಗಾರಿಗೆ ಜೋಳ, ಕಡಲೆಯ ಜೊತೆ ಕುಸುಬಿ ಬೆಳೆಯುವ ಪದ್ಧತಿ ಹಳೆಯದು. ಒಣಗಿದ ಕುಸುಬಿಯ ಮುಳ್ಳು ಎಂಥದೆಂದು ಕೊಯ್ದವರಿಗೇ ಗೊತ್ತು. ಬದುವಿನಲ್ಲಿ ಜಾಲಿ ಮುಳ್ಳು ಬೇರೆ. ಆರೋಗ್ಯವಂತನು ಚುಚ್ಚಿದ ಕೂಡಲೇ ಕುಳಿತು ತೆಗೆಯುತ್ತಾನೆ. ಮಧುಮೇಹಿ ಅದರ ಮೇಲೆಯೇ ನಾಲ್ಕು ದಿನ ನಡೆಯುತ್ತಾನೆ. ಗಜೇಂದ್ರಗಡದಲ್ಲಿ ಕುಣಿ ಮಗ್ಗದೊಳಗೆ ಕಾಲು ಇಳಿಬಿಟ್ಟು ಇಡೀ ದಿನ ಬರಿಗಾಲಿನಲ್ಲಿ ಮೆಟ್ಟುವ ನೇಕಾರರಿಗೂ ಪಾದದ ಕಡೆ ನೋಡುವ ಪ್ರಸಂಗವೇ ಬರುವುದಿಲ್ಲ.

ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ಈ ತಾಲ್ಲೂಕುಗಳಿಂದ ಜನ ಹಗಲು-ರಾತ್ರಿ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲು. ಸ್ಪರ್ಶವಿಲ್ಲದ ಪಾದ ಬೊಬ್ಬೆಯೆದ್ದು ಒಡೆದರೂ ನಡೆಯುತ್ತಲೇ ಇರುತ್ತದೆ. ಹರಕೆಯ ವಿಷಯದಲ್ಲಿ ಯಾರೂ ಬುದ್ಧಿ ಹೇಳಿಸಿಕೊಳ್ಳಲು ಇಷ್ಟಪಡುವುದಿಲ್ಲ, ಆದರೆ ಚಪ್ಪಲಿ ಹಾಕಿಕೊಂಡು ನಡೆದವರ ಹರಕೆಯನ್ನು ದೇವಿ ತಿರಸ್ಕರಿಸಿದ ಉದಾಹರಣೆಯೂ ಇಲ್ಲ. ಮೆತ್ತನೆಯ ಎಂ.ಸಿ.ಆರ್. ರಬ್ಬರ್ ಚಪ್ಪಲಿ, ಸಂಜೆ ತಂಗಿದಲ್ಲಿ ಪಾದ ತೊಳೆದು ಬ್ಯಾಟರಿಯ ಬೆಳಕಿನಲ್ಲಿ ಅಂಗಾಲು ಪರೀಕ್ಷಿಸುವ ಜೊತೆಗಾರ, ಇಷ್ಟಿದ್ದರೆ ಅರ್ಧ ಅಪಾಯ ಕಡಿಮೆ. ಚಳಿಗಾಲದಲ್ಲಿ ಕಾಲು ಜೋಮು ಹಿಡಿದಿದೆ ಎಂದು ಬೆಂಕಿಗೆ ಹಿಡಿಯುವುದು, ಬಿಸಿ ಇಟ್ಟಿಗೆಯಿಂದ ಕಾಯಿಸುವುದು ಇನ್ನೊಂದು ಕೆಟ್ಟ ರೂಢಿ. ಸುಟ್ಟದ್ದು ತಿಳಿಯುವುದು ಚರ್ಮ ಸುಲಿದ ಮೇಲೆ.

ಗಾಯದ ಸುತ್ತ ಕೆಂಪೇರಿ ಊತ ಮೇಲಕ್ಕೆ ಹಬ್ಬುತ್ತಿದ್ದರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಜೊತೆಗೆ ಚಳಿಜ್ವರ ಇದ್ದರೆ ಅದು ಅದೇ ದಿನದ ಕೆಲಸ, ನಾಳೆಯದಲ್ಲ. ಬೆರಳಿನಲ್ಲಿ ಮುಗಿಯಬೇಕಾದ ಶಸ್ತ್ರಚಿಕಿತ್ಸೆ ಮೊಣಕಾಲಿನವರೆಗೆ ಏರುವುದು ಹೀಗೆ ಕಳೆದ ಎರಡು-ಮೂರು ದಿನಗಳಲ್ಲೇ.

ನರಗಳ ಈ ಮೌನ ಪಾದಕ್ಕಷ್ಟೇ ಸೀಮಿತವಲ್ಲ. ಮಧುಮೇಹಿಗೆ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು. ಏಕಾಏಕಿ ಬೆವರು, ಏದುಸಿರು, ಹೊಟ್ಟೆ ತೊಳಸುವಿಕೆ, ಕಾರಣವಿಲ್ಲದ ನಿಶ್ಶಕ್ತಿ ಕಂಡು, ಸಕ್ಕರೆ ಪರೀಕ್ಷೆ ಸರಿಯಾಗಿಯೇ ಇದ್ದರೆ ‘ಗ್ಯಾಸ್’ ಎಂದು ಸೋಡಾ ಕುಡಿಸದೆ ಇಸಿಜಿ ಮಾಡಿಸಬೇಕು. ಕಣ್ಣ ಮುಂದೆ ಹಠಾತ್ತನೆ ಕಪ್ಪು ಎಳೆಗಳು ತೇಲಿದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಲು ಜಾತ್ರೆ ಮುಗಿಯಲಿ ಎಂದು ಕಾಯಬಾರದು.

ಆ ನಸುಕಿನ ಕರೆ

ಈಗ ಬೆಂಗಳೂರಿನ ಆ ಮಗ ಏನು ಹೇಳಬೇಕು? ಯಂತ್ರವಿಲ್ಲ. ಇಳಿದಿದೆಯೋ ಏರಿದೆಯೋ ತಿಳಿಯದು. ಮೈ ಬೆವತಿದೆ, ಮಾತು ನಿಂತಿದೆ, ಆದರೆ ಕಣ್ಣು ತೆರೆದಿದೆ, ಕೊಟ್ಟದ್ದನ್ನು ನುಂಗುತ್ತಾರೆ ಎಂದಾದರೆ ಇಳಿದಿದೆ ಎಂದೇ ಭಾವಿಸಿ ಗ್ಲೂಕೋಸ್ ನೀರು ಕುಡಿಸಲು ಹೇಳಬೇಕು. ಒಂದು ವೇಳೆ ಸಕ್ಕರೆ ಮೊದಲೇ 400 ಇದ್ದರೂ ಮೂರು ಚಮಚದಿಂದ ಆಗುವ ಹೆಚ್ಚಿನ ಹಾನಿ ಅತ್ಯಲ್ಪ. ಇಳಿದವರಿಗೆ ಕೊಡದೆ ಕಾದರೆ ಆಗುವ ಹಾನಿ ಮೆದುಳಿನದು. ಅಳೆಯದೆ ಇನ್ಸುಲಿನ್ ಚುಚ್ಚಲು ಮಾತ್ರ ಯಾವ ಕಾರಣಕ್ಕೂ ಹೇಳಬಾರದು. ನುಂಗಲಾರದ ಸ್ಥಿತಿಯಿದ್ದರೆ ಬಾಯಿಗೆ ಏನೂ ಬೇಡ. ಮಗ್ಗುಲಿಗೆ ಹೊರಳಿಸಿ, ಪಕ್ಕದ ಮನೆಯವರನ್ನು ಎಬ್ಬಿಸಬೇಕು.

ರಾಜ್ಯದಲ್ಲಿ 108 ಸೇವೆ ಆರಂಭವಾದುದು 2008ರಲ್ಲಿ. ಆ ಸಂಖ್ಯೆಗೆ ಕರೆ ಮಾಡುವವರು ಊರಿನ ಹೆಸರಿನ ಜೊತೆ ತಾಲ್ಲೂಕನ್ನೂ, ಗುಡಿಯನ್ನೋ ಶಾಲೆಯನ್ನೋ ಗುರುತಾಗಿಯೂ ಹೇಳಬೇಕು. ಇಬ್ಬರು ವೃದ್ಧರೇ ಇರುವ ಮನೆಯಲ್ಲಿ ಈ ಕರೆಯನ್ನು ಮಾಡುವವರು ಬಹುಶಃ ಪಕ್ಕದ ಮನೆಯವರೇ ಆಗಿರುತ್ತಾರೆ. ಅವರ ಮೊಬೈಲ್ ಸಂಖ್ಯೆ ಬೆಂಗಳೂರಿನ ಮಗನ ಬಳಿ ಇದೆಯೇ ಎಂಬುದು ಪರಿಶೀಲಿಸಿಕೊಳ್ಳಬೇಕಾದ ಸಂಗತಿ.

ವಾಹನ ಹತ್ತುವಾಗ ತಾಯಿಯ ಕೈಯಲ್ಲಿರಬೇಕಾದುದು ಒಂದೇ ವಸ್ತು: ಮಾತ್ರೆಗಳ ಪಟ್ಟಿ, ಖಾಲಿಯಾಗಿದ್ದರೂ ಸರಿ, ಮತ್ತು ಇನ್ಸುಲಿನ್ ಶೀಶೆ. ‘ಬಿಳೇ ಗುಳಗಿ, ಸಣ್ಣದು’ ಎಂಬ ವಿವರಣೆಯಿಂದ ರಾತ್ರಿ ಪಾಳಿಯ ವೈದ್ಯರಿಗೆ ಏನೂ ತಿಳಿಯದು. ಪಟ್ಟಿಯ ಹಿಂಬದಿಯ ಹೆಸರು ನೋಡಿದರೆ ರೋಗಿಯನ್ನು ಬೆಳಿಗ್ಗೆಯೇ ಮನೆಗೆ ಕಳುಹಿಸಬಹುದೋ, ಇನ್ನೊಂದು ರಾತ್ರಿ ಉಳಿಸಿಕೊಳ್ಳಬೇಕೋ ಎಂಬುದು ಅಲ್ಲೇ ಗೊತ್ತಾಗುತ್ತದೆ.